ಖಾಲಿ ಅಂಗಡಿಯ ಫ್ಯಾನು

ನಿವೃತ್ತರಾಗಿ ವರ್ಷಗಳು ಕಳೆದರೂ ಬೀದಿಯವರೆಲ್ಲ ಅವರನ್ನು ಕಂಡಕ್ಟರ್ ಎಂದೇ ಕರೆಯುತ್ತಿದ್ದರು. ಅವರಿಗೂ ಅದರಲ್ಲಿ ಬೇಜಾರಿರಲಿಲ್ಲ. ಮನೆಯಲ್ಲಿ ಹೆಂಡತಿ ಸಮಾಧಾನದಲ್ಲಿದ್ದಾಗ “ರೀ” ಅನ್ನುತ್ತಿದ್ದರು, ಸಿಟ್ಟಿನಲ್ಲಿದ್ದಾಗ “ಏನ್ರೀ ಕಂಡಕ್ಟ್ರೇ” ಅನ್ನುತ್ತಿದ್ದರು. ಆ ಅಂಗಡಿ ಕೊಂಡ ಮೇಲೆ “ರೀ” ಕೇಳಿಸುವುದು ಅಪರೂಪವಾಯಿತು.

ಬಸ್ಸಿನಲ್ಲಿದ್ದಷ್ಟು ಕಾಲ ಕಂಡಕ್ಟರು ನಂಬಿಕೊಂಡು ಬಂದದ್ದು ಒಂದೇ ನೀತಿ. ಹತ್ತಿದವನು ದುಡ್ಡು ಕೊಡಬೇಕು, ಹತ್ತದವನನ್ನು ಕೇಳಬಾರದು. ಒಮ್ಮೆ ಸ್ವಂತ ತಮ್ಮನೇ ಹತ್ತಿ, ಅಣ್ಣನ ಬಸ್ಸಲ್ಲವೇ ಎಂದು ಕಿಟಕಿಯಾಚೆ ನೋಡುತ್ತ ಕೂತಿದ್ದಾಗ, ತುಂಬಿದ ಬಸ್ಸಿನಲ್ಲಿ ಅವನ ಭುಜ ತಟ್ಟಿ ಟಿಕೆಟ್ ಹರಿದು ಕೈಗಿಟ್ಟಿದ್ದರು. ಮುಂದಿನ ಸ್ಟಾಪಿನಲ್ಲೇ ಇಳಿದು ಹೋದ ತಮ್ಮ ಬಹಳ ಕಾಲ ಮನೆ ಕಡೆ ತಲೆ ಹಾಕಲಿಲ್ಲ. ಇನ್ನೊಮ್ಮೆ, ಗಂಡ ಹಿಂದಿನ ಬಾಗಿಲಲ್ಲಿ ಹತ್ತಿದ್ದಾನೆಂದು ನಂಬಿ ಎರಡು ಟಿಕೆಟ್ ತೆಗೆದುಕೊಂಡ ಹೆಂಗಸಿಗೆ, ಗಂಡ ಹತ್ತೇ ಇಲ್ಲವೆಂದು ಗೊತ್ತಾದ ಮೇಲೆ ಒಂದರ ದುಡ್ಡು ವಾಪಸು ಕೊಟ್ಟು, ಆ ಔದಾರ್ಯಕ್ಕೆ ಡಿಪೋದಲ್ಲಿ ಬೈಸಿಕೊಂಡಿದ್ದರು. ಇಂಥ ಮನುಷ್ಯನಿಗೆ ವಯಸ್ಸಾದ ಮೇಲೆ ತಾನು ಹತ್ತದ ಬಸ್ಸಿಗೆ ತಿಂಗಳು ತಿಂಗಳೂ ದುಡ್ಡು ಕಟ್ಟುವ ಯೋಗ ಕೂಡಿಬಂತು.

ಕೂಡಿಸಿದವರು ಬೀಗರು. ಬೀಗರೆಂದರೆ ಮಗಳ ಮಾವ. ತೂಕ ಮತ್ತು ಅಳತೆಯ ಇಲಾಖೆಯಲ್ಲಿದ್ದು ನಿವೃತ್ತರಾದವರು. ಹಾಗಾಗಿ ಅಳೆದು ತೂಗಿ ಮಾತಾಡುವವರೆಂದು ಹೆಸರು ಪಡೆದಿದ್ದರು. ಇಸ್ತ್ರಿ ಮುರಿಯದ ಅಂಗಿ, ಕಂಕುಳಲ್ಲೊಂದು ಚರ್ಮದ ಚೀಲ. ಕಂಡಕ್ಟರಿಗೆ ನಿವೃತ್ತಿಯ ಹಣ ಬಂದ ವಾರವೇ ಅವರು ಮನೆಗೆ ಬಂದು ಕುರ್ಚಿಯ ತುದಿಯಲ್ಲಿ ಕೂತು ಹೇಳಿದರು:

“ಬೀಗ್ರೇ, ದುಡ್ಡು ಬ್ಯಾಂಕಲ್ಲಿಟ್ರೆ ಮಲಗಿಬಿಡುತ್ತೆ. ಅಂಗಡಿ ಕೊಂಡ್ರೆ ಎದ್ದು ನಿಂತು ದುಡಿಯುತ್ತೆ. ಹೊಸ ಕಾಂಪ್ಲೆಕ್ಸಲ್ಲಿ ಮೊದಲನೇ ಮಹಡೀಲಿ ಒಂದಿದೆ. ನನಗೆ ಬೇಕಾದವರು ಕಟ್ಟಿಸಿರೋದು. ಬಾಡಿಗೆ ಬಂದು ನಿಮ್ಮ ಬಾಗಿಲು ತಟ್ಟುತ್ತೆ.”

ಹೆಂಡತಿ ಒಳಗಿನಿಂದಲೇ, “ಮೊದಲನೇ ಮಹಡಿಗೆ ಯಾರು ಹತ್ತುತ್ತಾರೆ?” ಎಂದು ಕೇಳಿದರು. ಬೀಗರು, “ಲಿಫ್ಟ್ ಬರುತ್ತೆ ತಾಯಿ” ಎಂದರು. ಹೆಣ್ಣು ಕೊಟ್ಟ ಮನೆಯವರ ಮಾತು, ತೆಗೆದು ಹಾಕುವಂತಿಲ್ಲ. ಕಂಡಕ್ಟರು ಅಂಗಡಿ ಕೊಂಡರು.

ಲಿಫ್ಟಿಗೆಂದು ಬಿಟ್ಟ ಗುಂಡಿ ಇತ್ತು, ಲಿಫ್ಟ್ ಬರಲಿಲ್ಲ. ಗುಂಡಿಗೆ ಹಲಗೆ ಹೊಡೆದು, ಕಾವಲುಗಾರ ಅದರಲ್ಲಿ ಪೊರಕೆ ಬಕೆಟ್ಟು ಇಟ್ಟುಕೊಂಡ. ಅಂಗಡಿಗೆ ಮೊದಲು ಬಂದವಳು ಬ್ಯೂಟಿ ಪಾರ್ಲರಿನವಳು. ಒಂದು ಗೋಡೆ ಪೂರ್ತಿ ಕನ್ನಡಿ ಹಾಕಿಸಿದಳು. ಮೇಲೆ ಕೆಳಗೆ ಹೋಗುವ, ಹಿಂದಕ್ಕೆ ವಾಲುವ ದಪ್ಪ ಕುರ್ಚಿ ತರಿಸಿದಳು. ತಲೆ ತೊಳೆಯುವ ಬೇಸಿನ್ ಕೂರಿಸಿದಳು. ಕೆಲವು ಕಾಲ ಕೂದಲೊಣಗಿಸುವ ಯಂತ್ರಗಳು ಹೊತ್ತು ಗೊತ್ತಿಲ್ಲದೆ ಗುಂಯ್ ಗುಟ್ಟಿದವು, ಬಾಡಿಗೆಯೂ ಬಂತು. ಆಮೇಲೆ ಗಿರಾಕಿಗಳು, ಚೆಂದ ಮಾಡಿಸಿಕೊಳ್ಳಲು ಬಂದು ಮೆಟ್ಟಿಲು ಹತ್ತಿ ಬೆವರಿಳಿಸಿಕೊಂಡು ನಿಲ್ಲಬೇಕಲ್ಲ ಎಂದು ಗೊಣಗತೊಡಗಿದರು. ಅವಳು ಎದುರು ಸಾಲಿನ ನೆಲ ಅಂತಸ್ತಿಗೆ ಹೊರಟಳು. ಬಿಚ್ಚಿದರೆ ಒಡೆಯುತ್ತದೆಂದು ಕನ್ನಡಿಯನ್ನೂ, ಇಳಿಸಲು ನಾಲ್ಕು ಆಳು ಬೇಕೆಂದು ಕುರ್ಚಿಯನ್ನೂ ಅಲ್ಲೇ ಬಿಟ್ಟು ಹೋದಳು. ಕಂಡಕ್ಟರು ಶಟರ್ ಎಳೆದು ಬೀಗ ಜಡಿದರು. ಶಟರಿನ ಮೇಲೆ “ಅಂಗಡಿ ಬಾಡಿಗೆಗಿದೆ” ಎಂದು ದೊಡ್ಡದಾಗಿ ಬರೆಸಿದರು. ಯಾರೂ ಬರಲಿಲ್ಲ. ಬಂದದ್ದು ಬಿಲ್ಲುಗಳು ಮಾತ್ರ.

ಅಂಗಡಿಯೊಳಗೆ ಒಂದು ದೀಪವೂ ಉರಿದಿರಲಿಲ್ಲ, ಆದರೂ ಕರೆಂಟಿನ ಬಿಲ್ಲು ಬಂತು. ಏನೋ ತಪ್ಪಾಗಿದೆಯೆಂದು ಕಂಡಕ್ಟರು ವಿದ್ಯುತ್ ಕಚೇರಿಗೆ ಹೋದರು. ಕಚೇರಿ ಹಳೇ ಕಟ್ಟಡ, ಗೋಡೆಯ ಗಾರೆ ಉದುರುತ್ತಿತ್ತು. ಕೌಂಟರಿನ ಹಿಂದೆ ಕನ್ನಡಕದ ಹೆಂಗಸೊಬ್ಬರು ಕೂತಿದ್ದರು. ಸಿಡುಕಿನವರಲ್ಲ, ತಾಳ್ಮೆಯವರೇ. ಆ ತಾಳ್ಮೆಯೇ ಕಂಡಕ್ಟರನ್ನು ಹೆಚ್ಚು ಉರಿಸಿತು.

“ಅಂಗಡಿ ಖಾಲಿ ಇದೆಯಮ್ಮ. ಒಂದು ಬಲ್ಬೂ ಹಾಕಿಲ್ಲ.”

“ಗೊತ್ತು ಸಾರ್. ಇದು ನೀವು ಬಳಸಿದ್ದಕ್ಕಲ್ಲ, ನಿಗದಿತ ಶುಲ್ಕ.”

“ಏನನ್ನ ನಿಗದಿ ಮಾಡಿದ್ದೀರಿ?”

“ನಿಮಗೆ ಯಾವಾಗ ಬೇಕಾದ್ರೂ ಬೇಕಾಗಬಹುದು ಅಂತ ಕರೆಂಟು ನಿಮ್ಮ ಮೀಟರ್ ತನಕ ಬಂದು ನಿಂತಿರುತ್ತೆ ಸಾರ್. ಹಗಲೂ ರಾತ್ರಿ. ನಿಂತಿದ್ದಕ್ಕೆ ಈ ದುಡ್ಡು.”

ಕಂಡಕ್ಟರ ಕಣ್ಣು ಕೆಂಪಾಯಿತು. “ನಾನೂ ಬಸ್ಸು ತಗೊಂಡು ಸ್ಟಾಪಲ್ಲಿ ನಿಂತಿದ್ದೆನಮ್ಮ, ಇಡೀ ಸರ್ವೀಸು. ಮನೇಲಿ ಕೂತವನ ಬಾಗಿಲಿಗೆ ಹೋಗಿ, ಬಸ್ಸು ನಿನಗೋಸ್ಕರ ನಿಂತಿತ್ತು, ದುಡ್ಡು ಕೊಡು ಅಂದಿಲ್ಲ.”

ಹೆಂಗಸು ಒಂದು ಕ್ಷಣ ಯೋಚಿಸಿದರು. “ಅದಕ್ಕೇ ಸಾರ್ ಬಸ್ಸಿನವರು ಯಾವಾಗಲೂ ನಷ್ಟದಲ್ಲಿರೋದು” ಎಂದರು. ಅದರಲ್ಲಿ ವ್ಯಂಗ್ಯವೇನೂ ಇರಲಿಲ್ಲ. ಮನಸ್ಸಿಗೆ ಹೊಳೆದದ್ದನ್ನು ಹೇಳಿದ್ದರು ಅಷ್ಟೇ.

ಕಂಡಕ್ಟರು ಕಟ್ಟಿ ಬಂದರು. ಮರುವಾರ ನೀರಿನ ಬಿಲ್ಲು ಹಿಡಿದುಕೊಂಡು ಇನ್ನೊಂದು ಕಚೇರಿಗೆ ಹೋದರು. ಅದರಲ್ಲಿ ನೀರಿಗೆ ಕನಿಷ್ಠ ಶುಲ್ಕದ ಜೊತೆಗೆ ಒಳಚರಂಡಿಯ ಶುಲ್ಕವನ್ನೂ ಹಾಕಿದ್ದರು. ನಲ್ಲಿಯನ್ನೇ ತಿರುಗಿಸದ ಮೇಲೆ ಚರಂಡಿಗೆ ಹೋಗಿದ್ದಾದರೂ ಏನು ಎಂದು ಅವರು ಕೇಳಿದರೆ, ಅಲ್ಲಿನ ಗುಮಾಸ್ತ, “ಹೋಗಿಲ್ಲ ಸಾರ್, ಆದ್ರೆ ಹೋಗೋ ಸಾಧ್ಯತೆ ಇದೆಯಲ್ಲ” ಎಂದ.

“ಸಾಧ್ಯತೆಗೂ ಬಿಲ್ಲು ಹಾಕ್ತೀರಾ?”

“ಸಾಧ್ಯತೆಗೆ ಕಮ್ಮೀನೇ ಹಾಕಿರೋದು ಸಾರ್. ನಿಜವಾಗಲೂ ಹೋಗಿದ್ರೆ ಜಾಸ್ತಿ ಆಗ್ತಿತ್ತು.”

ಹಾಗಾದರೆ ಎರಡು ಸಂಪರ್ಕವನ್ನೂ ಕಡಿಸಿಬಿಡೋಣ ಎಂದುಕೊಂಡರು. ಕಡಿಸುವುದಕ್ಕೆ ಶುಲ್ಕವಿತ್ತು. ಮತ್ತೆ ಕೊಡಿಸುವುದಕ್ಕೆ ಹೊಸ ಠೇವಣಿ, ಹೊಸ ಪರಿಶೀಲನೆ, ಇಡೀ ಕಟ್ಟಡಕ್ಕೆ ಅಗ್ನಿಶಾಮಕದವರ ಒಪ್ಪಿಗೆ ಬೇಕಿತ್ತು. ಆ ಕಟ್ಟಡ ಕಟ್ಟಿದವನು ಅಗ್ನಿಶಾಮಕದವರನ್ನು ಕನಸಿನಲ್ಲೂ ಒಳಗೆ ಬಿಟ್ಟುಕೊಂಡಿರಲಿಲ್ಲ. ಹೆಂಡತಿ ಲೆಕ್ಕ ಹಾಕಿ ನೋಡಿ, “ಕಡಿಸೋದಕ್ಕಿಂತ ಕಟ್ಟೋದೇ ವಾಸಿ” ಎಂದರು. “ನಿಮ್ಮ ಬೀಗ್ರು ಕೊಡಿಸಿದ ಅಂಗಡಿಗೆ ನೀವು ಹಾಕಿದ ಬೀಗ. ಬೀಗರನ್ನೂ ಬಿಡಂಗಿಲ್ಲ, ಬೀಗಾನೂ ತೆಗೆಯಂಗಿಲ್ಲ.”

“ನಿನಗೆ ನಗು” ಎಂದರು ಕಂಡಕ್ಟರು.

“ಅಳೋದಕ್ಕೂ ಕನಿಷ್ಠ ಶುಲ್ಕ ಹಾಕ್ತಾರೇನೋ ಅಂತ ನಗ್ತಿದ್ದೀನಿ.”

ಹೀಗೆ ತಿಂಗಳುಗಳು ಕಳೆದವು. ಕಂಡಕ್ಟರು ಬಡಬಡಿಸುತ್ತಲೇ ಗಡುವು ಮೀರದೆ ಕಟ್ಟುತ್ತಿದ್ದರು. ಬೈದುಕೊಂಡರೂ ಕಟ್ಟುವುದನ್ನು ತಪ್ಪಿಸುವ ಜಾಯಮಾನ ಅವರದಲ್ಲ. ಒಂದು ಸಲ ಬಿಲ್ಲು ಬಿಚ್ಚಿ ನೋಡಿದವರು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು. ಪಾರ್ಲರಿನ ಕಾಲದಲ್ಲಿ ಬರುತ್ತಿದ್ದಷ್ಟೇ ದೊಡ್ಡ ಮೊತ್ತ.

ಮೀಟರ್ ಓದುವವನನ್ನು ಕಾಯ್ದು ಹಿಡಿದರು. ಬಿಸಿಲಿಗೆ ಕಪ್ಪಾದ, ಸಣ್ಣ ಮೀಸೆಯ, ಮೆಟ್ಟಿಲನ್ನು ಎರಡೆರಡಾಗಿ ಹತ್ತುವ ಮನುಷ್ಯ. ಅವನು ತಲೆ ಕೆರೆದುಕೊಂಡ.

“ನಾನು ಸೊನ್ನೆ ಅಂತಾನೇ ಬರ್ಕೊಂಡು ಹೋಗಿದ್ದು ಸಾರ್. ತಿಂಗಳುಗಟ್ಟಲೆ ಸೊನ್ನೆ ಬಂದ್ರೆ ಮೇಲಿನವರಿಗೆ ಅನುಮಾನ ಬರುತ್ತೆ. ಮೀಟರ್ ಕೆಟ್ಟಿದೆ, ಇಲ್ಲಾ ಕದೀತಿದ್ದಾರೆ ಅಂತ. ಆಗ ಹಿಂದೆ ಎಷ್ಟು ಬಳಸ್ತಿದ್ರೋ ಅದರ ಸರಾಸರಿ ಹಾಕ್ತಾರೆ.”

“ಬಳಸಿಲ್ಲ ಅನ್ನೋದು ಕಳ್ಳತನವಾ?”

“ಅಲ್ಲ ಸಾರ್. ಬಳಸದೇ ಇರೋರು ಯಾರಿದ್ದಾರೆ ಹೇಳಿ, ಅದಕ್ಕೆ.” ಅವನು ಅಕ್ಕಪಕ್ಕ ನೋಡಿ ದನಿ ತಗ್ಗಿಸಿದ. “ಪರೀಕ್ಷೆ ಮಾಡಿಸಿ ಅಂತ ಒಂದು ಅರ್ಜಿ ಕೊಡಿ, ಸಾಹೇಬ್ರು ಬಂದು ನೋಡ್ತಾರೆ. ಅಲ್ಲೀತನಕ ದಿನಾ ಬಂದು ಸ್ವಲ್ಪ ಹೊತ್ತು ಒಂದು ಫ್ಯಾನ್ ಹಾಕಿ. ಮೀಟರು ಓಡ್ತಾ ಇದ್ರೆ ಯಾರೂ ಏನೂ ಕೇಳಲ್ಲ.”

ಹೀಗೆ, ಕರೆಂಟು ಬಳಸಿಲ್ಲವೆಂದು ಸಾಬೀತು ಮಾಡುವುದಕ್ಕಾಗಿ ಕಂಡಕ್ಟರು ಕರೆಂಟು ಬಳಸಲು ಶುರು ಮಾಡಿದರು. ಬೆಳಗಿನ ತಿಂಡಿ ಮುಗಿಸಿ ಹೋಗುವರು, ಶಟರ್ ಎತ್ತುವರು, ಫ್ಯಾನ್ ಹಾಕುವರು. ಮೊದಲ ದಿನ ಫ್ಯಾನ್ ಹಾಕಿ ಹೊರಗೆ ವರಾಂಡದಲ್ಲಿ ನಿಂತರು. ಯಾರೂ ಇಲ್ಲದ ಕೋಣೆಯಲ್ಲಿ ಅದು ತಿರುಗುವುದನ್ನು ನೋಡಲಾಗಲಿಲ್ಲ. ಎರಡನೇ ದಿನ ಒಳಗೆ ಹೋಗಿ, ಫ್ಯಾನಿನ ಕೆಳಗೆ ಇದ್ದೊಂದು ಪಾರ್ಲರ್ ಕುರ್ಚಿಯ ಮೇಲೆ ಕೂತರು. ಎದುರಿಗೆ ಗೋಡೆಯಗಲದ ಕನ್ನಡಿಯಲ್ಲಿ ತಮ್ಮದೇ ಮುಖ. ಇಷ್ಟು ಹೊತ್ತು ಅದನ್ನು ಹಿಂದೆಂದೂ ನೋಡಿರಲಿಲ್ಲ. ಕಿವಿಯ ಮೇಲೆ ಕೂದಲು ಬೆಳೆದದ್ದು, ಎಡಹುಬ್ಬು ಬಲಹುಬ್ಬಿಗಿಂತ ಮೇಲಿರುವುದು ಎಲ್ಲ ಆಗ ತಿಳಿಯಿತು. ನೀರಿನವರಿಗೂ ಅನುಮಾನ ಬಾರದಿರಲೆಂದು ಬೇಸಿನ್ನಿನಲ್ಲಿ ಕೈ ತೊಳೆದರು. ಇನ್ನೂ ಸ್ವಲ್ಪ ಹೋಗಲಿ ಎಂದು ಮುಖ ತೊಳೆದರು. ಹೆಂಡತಿಗೆ ವಿಷಯ ತಿಳಿದಾಗ, “ಹೇಗೂ ಚರಂಡಿಗೂ ಕೊಡ್ತೀವಲ್ಲ, ಬಟ್ಟೇನೂ ಅಲ್ಲೇ ಒಕ್ಕೊಂಡು ಬನ್ನಿ” ಎಂದರು. ಕಂಡಕ್ಟರು ಇದನ್ನು ತಮಾಷೆಯೆಂದು ತಿಳಿದರು. ಮಾರನೇ ದಿನ ಬಾಗಿಲಲ್ಲಿ ಚೀಲ ಇತ್ತು, ಅದರಲ್ಲಿ ಕಿಟಕಿಯ ಪರದೆಗಳಿದ್ದವು.

ಆ ಮಹಡಿಯ ಮೇಲಿನ ಮಹಡಿಯಲ್ಲಿ ಕಣ್ಣಿನ ಡಾಕ್ಟರಿದ್ದರು. ಬರುವವರೆಲ್ಲ ವಯಸ್ಸಾದವರು. ಮೊದಲನೇ ಮಹಡಿಗೆ ಬರುವ ಹೊತ್ತಿಗೆ ಅವರಿಗೆ ಏದುಸಿರು. ಅಲ್ಲೊಂದು ಬಾಗಿಲು ತೆರೆದು ಫ್ಯಾನ್ ತಿರುಗುತ್ತಿದ್ದರೆ ಯಾರು ಬಿಡುತ್ತಾರೆ?

“ಇದು ಏನಂಗಡಿ?” ಎಂದು ಒಬ್ಬ ಅಜ್ಜ ಕೇಳಿದ.

“ಏನೂ ಅಲ್ಲ” ಎಂದರು ಕಂಡಕ್ಟರು.

“ಒಳ್ಳೇದಾಯ್ತು. ಏನೂ ತಗೋಬೇಕಾಗಿಲ್ಲ” ಎಂದು ಅಜ್ಜ ಒಳಗೆ ಬಂದು ಕೂತ.

ಸುದ್ದಿ ಹರಡಿತು. ಕಣ್ಣಿಗೆ ಹನಿ ಹಾಕಿಸಿಕೊಂಡು ಗಂಟೆಗಟ್ಟಲೆ ಕಾಯಬೇಕಾದವರು ಮೇಲಿನ ಇಕ್ಕಟ್ಟು ಬಿಟ್ಟು ಕೆಳಗಿಳಿದು ಇಲ್ಲಿಗೇ ಬರತೊಡಗಿದರು. ಕಾವಲುಗಾರ ಲಿಫ್ಟಿನ ಗುಂಡಿಯಿಂದ ಮುರುಕು ಬೆಂಚೊಂದನ್ನು ಎಳೆದು ತಂದ. ಯಾರೋ ಸ್ಟೂಲು ಕೊಟ್ಟರು. ಪಾರ್ಲರ್ ಕುರ್ಚಿಗೆ ಪೈಪೋಟಿ ಹುಟ್ಟಿ, ಹೆಚ್ಚು ವಯಸ್ಸಾದವರಿಗೆ ಮೊದಲು ಎಂದು ಕಂಡಕ್ಟರೇ ತೀರ್ಮಾನ ಮಾಡಬೇಕಾಯಿತು. ಅವರಿಗೆ ಒಳಗೊಳಗೇ ಖುಷಿಯಾಗಿತ್ತು. “ಸ್ವಲ್ಪ ಒಳಗೆ ನಡೀರಿ, ಬಾಗಿಲಲ್ಲಿ ನಿಲ್ಲಬೇಡಿ” ಎಂದು ಹೇಳುವ ಅವಕಾಶ ಎಷ್ಟೋ ಕಾಲದ ಮೇಲೆ ಸಿಕ್ಕಿತ್ತು.

ಹಾಗೆ ಬಂದು ಕೂರುವವರಲ್ಲಿ ಬೀಗರೂ ಸೇರಿಕೊಂಡರು. ಅವರ ಕಣ್ಣು ಚೆನ್ನಾಗಿಯೇ ಇತ್ತು. “ಈ ಕಡೆ ಹಾದು ಹೋಗ್ತಿದ್ದೆ ಬೀಗ್ರೇ, ನೋಡ್ಕೊಂಡು ಹೋಗೋಣ ಅಂತ” ಎನ್ನುತ್ತಿದ್ದರು. ಊರಿನ ದಾರಿಗಳನ್ನೆಲ್ಲ ಬಲ್ಲ ಕಂಡಕ್ಟರಿಗೆ ಸೋಜಿಗ. ಬೀಗರ ಮನೆಯಿಂದ ಯಾವ ದಿಕ್ಕಿಗೆ ಹೊರಟರೂ ಈ ರಸ್ತೆ ಹಾದು ಹೋಗುವ ದಾರಿಯಲ್ಲಿ ಸಿಗುತ್ತಿರಲಿಲ್ಲ. ಆದರೆ ಬೀಗರನ್ನು ಹಾಗೆಲ್ಲ ಕೇಳುವುದುಂಟೇ. ಟೀ ತರಿಸಿ ಕೊಡುತ್ತಿದ್ದರು. ಬೀಗರು ಟೀ ಕುಡಿದು, ಅಂಗಡಿ ಹೇಗೆ ಎದ್ದು ನಿಂತು ದುಡಿಯುತ್ತದೆಂಬ ಮಾತನ್ನು ಮಾತ್ರ ಎತ್ತದೆ, ಮೊಮ್ಮಗಳ ವಿಷಯ ಮಾತಾಡಿ ಹೋಗುತ್ತಿದ್ದರು.

ಮೀಟರ್ ಪರೀಕ್ಷೆಗೆ ವಿದ್ಯುತ್ ಕಚೇರಿಯ ಇನ್‌ಸ್ಪೆಕ್ಟರು ಬಂದ ದಿನ ಅಂಗಡಿ ಕಿಕ್ಕಿರಿದಿತ್ತು. ಬೆಂಚಿನ ತುಂಬ ಕಣ್ಣಿಗೆ ಹನಿ ಹಾಕಿಸಿಕೊಂಡವರು, ಪಾರ್ಲರ್ ಕುರ್ಚಿಯಲ್ಲಿ ಬೀಗರು. ಮತ್ತೆ ಒಗೆಯಲು ಕಳಿಸಿದ್ದ ಪರದೆಗಳು ವಾಪಸು ಬಂದಿಲ್ಲವೆಂದು ವಿಚಾರಿಸಲು ಹೆಂಡತಿಯೂ ಆ ದಿನವೇ ಬಂದು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದರು. ಇನ್‌ಸ್ಪೆಕ್ಟರು ದಪ್ಪನೆಯ, ಶಾಂತ ಮನುಷ್ಯ. ಹಿಂದೆ ಮೀಟರ್ ಓದುವವನು ನಿಂತಿದ್ದ. ಇನ್‌ಸ್ಪೆಕ್ಟರು ಫ್ಯಾನ್ ಆರಿಸಿದರು, ಮೀಟರ್ ನಿಂತಿತು. ಫ್ಯಾನ್ ಹಾಕಿದರು, ಓಡಿತು. ಮತ್ತೊಮ್ಮೆ ಆರಿಸಿದಾಗ ಬೆಂಚಿನವರು ಸೆಕೆ ಎಂದು ಗದ್ದಲ ಮಾಡಿದರು.

“ಮೀಟರ್ ಸರಿಯಾಗಿದೆ. ಅಂದ್ರೆ ಅಂಗಡಿ ಖಾಲಿ ಇತ್ತು ಅನ್ನೋದು ನಿಜ” ಎಂದರು ಇನ್‌ಸ್ಪೆಕ್ಟರು, ಕಿಕ್ಕಿರಿದ ಅಂಗಡಿಯ ನಡುವೆ ನಿಂತು.

ಕಂಡಕ್ಟರಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅಷ್ಟರಲ್ಲಿ ಬಾಗಿಲಲ್ಲಿ ಇನ್ನೊಬ್ಬರು ಬಂದು ನಿಂತರು. ಪುರಸಭೆಯ ಲೈಸೆನ್ಸ್ ಇನ್‌ಸ್ಪೆಕ್ಟರು. ಸಣಕಲು ದೇಹ, ಜೇಬಿನಲ್ಲಿ ಮೂರು ಬಣ್ಣದ ಪೆನ್ನು.

“ಈ ಅಂಗಡಿಗೆ ಲೈಸೆನ್ಸ್ ಎಲ್ಲಿ?”

“ಇಲ್ಲಿ ವ್ಯಾಪಾರ ಇಲ್ಲ ಸಾರ್. ಖಾಲಿ ಅಂಗಡಿ” ಎಂದರು ಕಂಡಕ್ಟರು.

“ಶಟರ್ ಎತ್ತಿದೆ, ಫ್ಯಾನ್ ತಿರುಗ್ತಿದೆ, ಗಿರಾಕಿಗಳಿದ್ದಾರೆ. ಒಬ್ಬರು ಕಟಿಂಗಿಗೆ ಕೂತೂಬಿಟ್ಟಿದ್ದಾರೆ.” ಅವರು ಬೀಗರ ಕಡೆ ಪೆನ್ನು ತೋರಿಸಿದರು. ಬೀಗರು ಕನ್ನಡಿಯಲ್ಲೇ ತಲೆ ಅಲ್ಲಾಡಿಸಿದರು.

“ಅವರು ನಮ್ಮ ಬೀಗರು. ಉಳಿದವರು ಕಣ್ಣಿಗೆ ಹನಿ ಹಾಕಿಸಿಕೊಂಡಿದ್ದಾರೆ.”

“ಯಾರದು ಮಾತಾಡ್ತಿರೋದು? ಡಾಕ್ಟ್ರು ಕರೆದ್ರಾ?” ಎಂದು ಬೆಂಚಿನಿಂದ ಒಬ್ಬಾಕೆ ಕೇಳಿದಳು. ಕಂಡಕ್ಟರ ಹೆಂಡತಿ, “ಇಲ್ಲಮ್ಮ, ಇದು ಬೇರೆ ಡಾಕ್ಟ್ರು. ಚೆನ್ನಾಗಿರೋ ಕಣ್ಣಿಗೇ ಮಂಕು ಬರಿಸ್ತಾರೆ” ಎಂದರು.

ಪುರಸಭೆಯವರು ಅದನ್ನು ಕೇಳಿಸಿಕೊಳ್ಳಲಿಲ್ಲ. “ಹಾಗಾದ್ರೆ ಇಲ್ಲಿ ಏನು ನಡೀತಿದೆ?”

“ಕೂತ್ಕೊಳೋದು ನಡೀತಿದೆ.”

“ಕೂತ್ಕೊಳೋದಕ್ಕೆ ಅಂತ ನಮ್ಮಲ್ಲಿ ಲೈಸೆನ್ಸ್ ಇಲ್ಲ. ನಿಂತ್ಕೊಳೋದಕ್ಕಿದೆ, ಗಾಡಿಗಳಿಗೆ. ಇದನ್ನ ಇತರೆ ವ್ಯಾಪಾರ ಅಂತ ಬರೀತೀನಿ.”

ವಿದ್ಯುತ್ ಕಚೇರಿಯವರು ಕೆಮ್ಮಿದರು. “ಸ್ವಾಮಿ, ನಾನು ಈಗತಾನೆ ಖಾಲಿ ಅಂತ ಪ್ರಮಾಣ ಮಾಡಿದ್ದೀನಿ.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಜಗಳವಾಗುತ್ತದೆಂದು ಕಂಡಕ್ಟರು ಕಾದರು. ಹಾಗೇನೂ ಆಗಲಿಲ್ಲ. ಸಾರ್ವಜನಿಕರ ಮುಂದೆ ಒಬ್ಬ ಸರ್ಕಾರಿ ನೌಕರ ಇನ್ನೊಬ್ಬನ ಮಾತು ತೆಗೆದುಹಾಕುವುದು ಸಭ್ಯತೆಯಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ವರಾಂಡಕ್ಕೆ ಹೋಗಿ ತಗ್ಗಿದ ದನಿಯಲ್ಲಿ ಮಾತಾಡಿಕೊಂಡು ಬಂದರು. ಪುರಸಭೆಯವರು ಪ್ರಕಟಿಸಿದರು:

“ನಿಮ್ಮ ತೊಂದರೆ ಪರಿಹಾರ ಆಯ್ತು. ಅವರ ಇಲಾಖೆ ಪ್ರಕಾರ ಅಂಗಡಿ ಖಾಲಿ. ನಮ್ಮ ಇಲಾಖೆ ಪ್ರಕಾರ ತುಂಬಿದೆ. ಒಂದಕ್ಕೊಂದು ಅಡ್ಡಿ ಇಲ್ಲ. ಖಾಲಿಗೆ ಅವರಿಗೆ ಕಟ್ಟಿ, ತುಂಬಿದ್ದಕ್ಕೆ ನಮಗೆ ಕಟ್ಟಿ.”

ಬಸ್ಸಿನಲ್ಲಿ ಒಂದೇ ಸೀಟಿಗೆ ಇಬ್ಬರು ಹೊಡೆದಾಡಿದ್ದನ್ನು ಕಂಡಕ್ಟರು ಕಂಡಿದ್ದರು. ಒಬ್ಬನೇ ಪ್ರಯಾಣಿಕನಿಗೆ, ಕೂತದ್ದಕ್ಕೊಂದು, ಸೀಟು ಖಾಲಿ ಇದ್ದದ್ದಕ್ಕೊಂದು ಎಂದು ಎರಡು ಟಿಕೆಟ್ ಹರಿಯುವುದನ್ನು ಕಂಡಿರಲಿಲ್ಲ. ಪುರಸಭೆಯವರು ಮೂರೂ ಬಣ್ಣದ ಪೆನ್ನಿನಲ್ಲಿ ಬರೆದುಕೊಂಡು ಇಳಿದು ಹೋದರು.

ವಿದ್ಯುತ್ ಕಚೇರಿಯವರು ಮಾತ್ರ ಹೋಗದೆ ಅಲ್ಲೇ ನಿಂತಿದ್ದರು. ಫ್ಯಾನಿನ ಕೆಳಗೆ ತಲೆಯೆತ್ತಿ, ಆಮೇಲೆ ಬೆಂಚನ್ನು, ಬೇಸಿನ್ನನ್ನು, ಕಿಟಕಿಯನ್ನು ನೋಡಿದರು.

“ಗಾಳಿ ಚೆನ್ನಾಗಿದೆ. ಜನಕ್ಕೂ ಈ ಜಾಗ ರೂಢಿಯಾಗಿದೆ. ನಮ್ಮ ಬಿಲ್ ಕಟ್ಟಿಸಿಕೊಳ್ಳೋ ಕಚೇರಿ ನೋಡಿದ್ದೀರಲ್ಲ, ಗೋಡೆ ಬೀಳೋ ಹಂಗಿದೆ. ಬೇರೆ ಜಾಗ ನೋಡಿ ಅಂತ ಮೇಲಿಂದ ಆದೇಶ ಬಂದು ಕಾಲ ಆಯ್ತು. ಒಂದೇ ಒಂದು ಬಾಕಿಯೂ ಇಲ್ಲದ ಕಟ್ಟಡ ಆಗಬೇಕು ಅನ್ನೋದು ನಿಯಮ. ಅಂಥದ್ದು ಈ ಊರಲ್ಲಿ ಸಿಕ್ಕಿರಲಿಲ್ಲ. ನೀವೊಬ್ಬರೇ ನೋಡಿ ತಪ್ಪದೆ ಕಟ್ಟಿರೋದು.” ಅವರು ಗೋಡೆ ತಟ್ಟಿದರು. “ಆದ್ರೆ ನಮಗೆ ಇದು ಚಿಕ್ಕದು. ಈ ಗೋಡೆ ಆಚೆ ಅಂಗಡಿ ಯಾರದು? ಅದೂ ಸೇರಿದ್ರೆ ಆಗುತ್ತೆ.”

“ಯಾವಾಗಲೂ ಮುಚ್ಚಿರುತ್ತೆ ಸಾರ್, ಯಾರದೋ ಗೊತ್ತಿಲ್ಲ” ಎಂದರು ಕಂಡಕ್ಟರು.

ಮೀಟರ್ ಓದುವವನಿಗೆ ಆಶ್ಚರ್ಯವಾಯಿತು. “ಏನ್ ಸಾರ್ ಗೊತ್ತಿಲ್ಲ ಅಂತೀರಿ, ಇವರದ್ದೇ ಅಲ್ವಾ? ಇವರಿಗೂ ನಾನೇ ಹೇಳಿದ್ದು ಫ್ಯಾನ್ ಹಾಕಿ ಅಂತ. ನಿಮಗಿಂತ ಮುಂಚೆ. ಬೆಳಿಗ್ಗೆ ಬೇಗ ಬಂದು ಹಾಕ್ಕೊಂಡು ಕೂತಿರ್ತಾರೆ. ಅದರ ಪಕ್ಕದ್ದೂ ಇವರದ್ದೇ.”

ಅವನು ತೋರಿಸಿದ್ದು ಪಾರ್ಲರ್ ಕುರ್ಚಿಯನ್ನು. ಬೀಗರು ಬೆನ್ನು ತಿರುಗಿಸಿ ಕೂತಿದ್ದರೂ ಉಪಯೋಗವಾಗಲಿಲ್ಲ. ಗೋಡೆಯಗಲದ ಕನ್ನಡಿಯಲ್ಲಿ ಅವರ ಮುಖ ಹುಳ್ಳಗಾದದ್ದನ್ನು, ಕಣ್ಣಿಗೆ ಹನಿ ಹಾಕಿಸಿಕೊಂಡವರನ್ನು ಬಿಟ್ಟು, ಎಲ್ಲರೂ ಕಂಡರು. ಏಳಲು ಹೋಗಿ ಅವರು ಯಾವುದೋ ಹಿಡಿ ಒತ್ತಿದರು. ಕುರ್ಚಿ ಹಿಂದಕ್ಕೆ ವಾಲಿ, ಬೀಗರು ಸೂರು ನೋಡುತ್ತ ಮಲಗಿಬಿಟ್ಟರು. ಹಾಗೆ ಮಲಗಿಕೊಂಡೇ, ಅಳೆಯದೆ ತೂಗದೆ, ಮಾತಾಡಿದರು.

“ಎರಡು ಅಂಗಡಿ ಕೊಂಡುಬಿಟ್ಟಿದ್ದೆ ಬೀಗ್ರೇ. ಮನೇಲಿ ಒಂದು ಅಂತ ಹೇಳಿದ್ದೀನಿ. ಈ ಮಹಡೀಲಿ ಇನ್ನೊಬ್ಬರು ಕೊಂಡ್ರೆ ಲಿಫ್ಟ್ ಹಾಕಿಸ್ತೀನಿ ಅಂದ ಕಟ್ಟಿಸಿದವನು. ನಾನು ನಿಮಗೆ ಹೇಳಿದೆ. ನೀವು ಕೊಂಡ್ರಿ. ಅವನು ಲಿಫ್ಟ್ ಹಾಕಿಸಲಿಲ್ಲ.”

ಕಂಡಕ್ಟರ ತುಟಿಯ ತುದಿಗೆ ಬಸ್ಸಿನಲ್ಲಿ ಕಲಿತ ಮಾತುಗಳೆಲ್ಲ ಬಂದು ನಿಂತವು. ಆದರೆ ಮಗಳ ಮಾವ. ಮಗಳು ಸುಖವಾಗಿದ್ದಳು, ಆ ಮನೆಯಲ್ಲಿ ಅವಳ ಪರ ನಿಲ್ಲುವವರು ಇವರೇ. ಕಂಡಕ್ಟರು ಬಗ್ಗಿ ಹಿಡಿಯನ್ನು ಹುಡುಕಿ ಒತ್ತಿ ಬೀಗರನ್ನು ನೆಟ್ಟಗೆ ಕೂರಿಸಿದರು.

“ದಿನಾ ಬಂದು ಒಬ್ಬರೇ ಕೂರ್ತಿದ್ರಾ, ಅಲ್ಲಿ?” ಎಂದಷ್ಟೇ ಕೇಳಿದರು.

“ಅಲ್ಲಿ ಕುರ್ಚಿಯೂ ಇಲ್ಲ” ಎಂದರು ಬೀಗರು.

ಹೆಂಡತಿ ಮಾತ್ರ ಸುಮ್ಮನಿರಲಿಲ್ಲ. “ನಮ್ಮ ಹುಡುಗಿ, ನಿಮ್ಮ ಹುಡುಗ ಅಂತ ಒಂದು ಜೋಡಿ ಮಾಡಿದ್ರಿ, ಚೆನ್ನಾಗಿದ್ದಾರೆ. ಈಗ ಗೋಡೆ ಒಡೆದು ಅಂಗಡಿಗಳನ್ನೂ ಜೋಡಿ ಮಾಡಿಬಿಡಿ. ಮುಹೂರ್ತ ಸಾಹೇಬ್ರನ್ನೇ ಕೇಳಿ. ಅಷ್ಟರೊಳಗೆ ನನ್ನ ಪರದೆ ಎಲ್ಲಿ ಅಂತ ಯಾರಾದ್ರೂ ಹೇಳ್ತೀರಾ?”

ಪರದೆಗಳು ಬೆಂಚಿನ ಕೆಳಗೆ ಬಕೆಟ್ಟಿನಲ್ಲಿ ನೆನೆಯುತ್ತಿದ್ದವು. ಹಿಂದಿನ ದಿನದಿಂದ.

ಗೋಡೆ ಒಡೆಸುವುದಕ್ಕೆ ಪುರಸಭೆ ಅಡ್ಡ ಬಂತು, ಆಮೇಲೆ ಸರಿಯಿತು. ಬೀಗರು ಮನೆಯಲ್ಲಿ ಎರಡನೇ ಅಂಗಡಿಯ ವಿಷಯ ಹೇಳಬೇಕಾಗಿ ಬಂದು, ಕೆಲವು ದಿನ ಕಂಡಕ್ಟರ ಮನೆಯಲ್ಲೇ ಊಟ ಮಾಡಿದರು. ಕನ್ನಡಿಯನ್ನು ಬಿಚ್ಚುವಾಗ ಅದು ಪಾರ್ಲರಿನವಳು ಹೇಳಿದ ಹಾಗೆ ಒಡೆಯಿತು. ಕುರ್ಚಿಯನ್ನು ಕಣ್ಣಿನ ಡಾಕ್ಟರು ಕೇಳಿ ಪಡೆದು ಮೇಲಕ್ಕೆ ಸಾಗಿಸಿದರು. ಹೊಸ ಕಚೇರಿ ಶುರುವಾದ ದಿನ ಕಂಡಕ್ಟರು ಹೊಸ ಅಂಗಿ ಹಾಕಿಕೊಂಡು ಹೋಗಿ ಬಂದರು. ಮನೆಗೆ ಬಂದು, “ಕರೆಂಟಿನವರಿಗೇ ಬಾಡಿಗೆಗೆ ಕೊಟ್ಟೆ ಕಣೇ. ಇನ್ನು ಬಿಲ್ಲಿನ ತಂಟೆಯೇ ಇಲ್ಲ” ಎಂದರು. ಹೆಂಡತಿ “ರೀ” ಎಂದು ಕರೆದು ಊಟಕ್ಕೆ ಬಡಿಸಿದರು.

ಕರಾರನ್ನು ಪೂರ್ತಿ ಓದಿದ್ದರೆ ಇಷ್ಟು ಸಂಭ್ರಮ ಇರುತ್ತಿರಲಿಲ್ಲ. ಬಾಡಿಗೆ ಕೇಂದ್ರ ಕಚೇರಿಯಿಂದ ಮಂಜೂರಾಗಿ ಬರಬೇಕು. ಕರೆಂಟು, ನೀರು ಮಾತ್ರ ಎಲ್ಲ ಸರ್ಕಾರಿ ಬಾಡಿಗೆ ಕಟ್ಟಡಗಳ ಹಾಗೆ ಮೊದಲು ಮಾಲೀಕರು ಕಟ್ಟಬೇಕು, ಆಮೇಲೆ ಬಾಡಿಗೆಯ ಜೊತೆ ಸೇರಿಸಿ ಕೇಳಬೇಕು. ಮೀಟರುಗಳು ಹಿಂದಿನಂತೆಯೇ ಇಬ್ಬರು ಬೀಗರ ಹೆಸರಿನಲ್ಲೇ ಇದ್ದವು. ಮೊದಲ ಬಿಲ್ಲು ಬಂದಾಗ ಪಾರ್ಲರಿನ ಕಾಲದ್ದು ಏನೇನೂ ಅಲ್ಲ ಎನ್ನಿಸಿತು. ಬಿಲ್ಲು ಮುದ್ರಿಸುವ ಯಂತ್ರಕ್ಕೆ ಬಿಸಿ ಆಗಬಾರದೆಂದು ಇಲಾಖೆಯವರು ಎ.ಸಿ. ಹಾಕಿಸಿದ್ದರು.

ಕಂಡಕ್ಟರು ಮೆಟ್ಟಿಲು ಹತ್ತಿ ತಮ್ಮ ಅಂಗಡಿಗೆ ಹೋಗಿ ಸರದಿಯಲ್ಲಿ ನಿಂತರು. ಸರದಿ ಬಾಗಿಲಾಚೆಗೂ ಬೆಳೆದಿತ್ತು. ಅವರ ಮುಂದೆ ಬೀಗರಿದ್ದರು, ಕಂಕುಳಲ್ಲಿ ಚರ್ಮದ ಚೀಲ. ಇಂಚಿಂಚಾಗಿ ಮುಂದೆ ಸರಿದು, ಕೊನೆಗೆ ಬೀಗರ ಪಾಳಿ ಬಂದಾಗ ಅವರು ಹಿಂದಿರುಗಿ ನೋಡಿ, ಬದಿಗೆ ಸರಿದು ನಿಂತರು.

“ನೀವು ಮೊದಲು ಕಟ್ಟಿ ಬೀಗ್ರೇ.”

“ಛೇ, ಎಲ್ಲಾದ್ರೂ ಉಂಟಾ. ನೀವು ಮುಂದಿದ್ರಿ.”

“ಹಾಗಲ್ಲ. ನಾನು ನಿಮ್ಮನ್ನ ಕರ್ಕೊಂಡು ಬಂದಿದ್ದು. ನೀವು ಮೊದಲು.”

“ನೀವು ಹಿರಿಯರು. ನಿಮಗಿಂತ ಮುಂಚೆ ನಾನು ಹೇಗೆ ಕಟ್ಟಲಿ?”

ಕೌಂಟರಿನ ಹಿಂದೆ ಅದೇ ಕನ್ನಡಕದ ಹೆಂಗಸು ಸ್ವೆಟರ್ ಹಾಕಿಕೊಂಡು ತಾಳ್ಮೆಯಿಂದ ಕಾದರು. ಇಬ್ಬರ ನಡುವಿನ ಸಂದಿಯಲ್ಲಿ ಹಿಂದಿನವನೊಬ್ಬ ಕೈ ತೂರಿಸಿ ತನ್ನ ಬಿಲ್ಲು ಕಟ್ಟಿಕೊಂಡು ಹೋದ. ಅವನ ಹಿಂದಿನವಳೂ ಹಾಗೆಯೇ ಮಾಡಿದಳು. ಬೀಗರ ಉಪಚಾರ ಮುಗಿಯುವಷ್ಟರಲ್ಲಿ ಹೆಂಗಸು ಗಡಿಯಾರ ನೋಡಿ, ಕೌಂಟರಿನ ಕಿಂಡಿಗೆ ಹಲಗೆ ಅಡ್ಡ ಇಟ್ಟರು.

“ಊಟದ ಹೊತ್ತಾಯ್ತು ಸಾರ್. ಹೊರಗೆ ಬೆಂಚಿದೆ, ಕೂತಿರಿ. ಬಾಗಿಲಲ್ಲಿ ಮಾತ್ರ ನಿಲ್ಲಬೇಡಿ, ಎ.ಸಿ. ಗಾಳಿ ಹೊರಗೆ ಹೋಗುತ್ತೆ. ಬಿಲ್ಲು ಜಾಸ್ತಿ ಬರುತ್ತೆ.”

“ಬಂದ್ರೆ ನಮಗೇ ತಾನೇ ಬರೋದು” ಎಂದು ಬೀಗರು, ಈ ಸಲ ಅಳೆದು ತೂಗಿಯೇ, ಬಾಗಿಲನ್ನು ಭದ್ರವಾಗಿ ಎಳೆದುಕೊಂಡರು. ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತರು. ಕಂಡಕ್ಟರು ಕಾವಲುಗಾರನನ್ನು ಕರೆದು ಎರಡು ಟೀ ಹೇಳಿದರು.